ಕೈಗಿಂತ ಮೊದಲು ಕಾಲು ನೋಡುವ ತೈ ಚಿ ಕ್ಲಾಸು

ತೈ ಚಿ (ನಿಧಾನ ಚಲನೆಗಳ ಚೀನೀ ವ್ಯಾಯಾಮ ಕಲೆ) ಕಲಿಯಬೇಕು, ಯಾವ ಕ್ಲಾಸಿಗೆ ಸೇರಲಿ ಅಂತ ಯಾರಾದರೂ ಕೇಳಿದರೆ ನಾನು ಹೇಳುವುದು ಇಷ್ಟೇ. ಒಂದು ದಿನ ಸುಮ್ನೆ ಹೋಗಿ ಕೂತು ನೋಡಿ. ಟೀಚರ್ ಕಣ್ಣು ಕಲಿಯುವವರ ಕೈ ಮೇಲಿದೆಯೋ ಕಾಲ ಮೇಲಿದೆಯೋ ಗಮನಿಸಿ. ಕಾಲ ಮೇಲಿದ್ದರೆ ಧೈರ್ಯವಾಗಿ ಹಣ ಕಟ್ಟಿ. ನಾನೂ ಅಮ್ಮನೂ ಈಗ ಹೋಗುತ್ತಿರುವ ಆರಂಭಿಕರ ಕ್ಲಾಸು ಅಂಥದ್ದು. ಅದರ ಒಳ್ಳೆಯದು, ಕೊರತೆ ಎರಡನ್ನೂ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮಿಬ್ಬರ ಕಾರಣ ಬೇರೆ ಬೇರೆ. ಅಮ್ಮನಿಗೆ ಎಪ್ಪತ್ತು ಹತ್ತಿರ ಬಂತು. ಮಂಡಿ ನೋವಿದೆ. ಅದಕ್ಕಿಂತ ಜಾಸ್ತಿ, ಎಲ್ಲಿ ಬಿದ್ದುಬಿಡುತ್ತೇನೋ ಅನ್ನುವ ಭಯ. ನಾನು ದಿನವಿಡೀ ಕಂಪ್ಯೂಟರ್ ಮುಂದೆ ಕೂರುವವಳು. ಕತ್ತು, ಭುಜ ಯಾವಾಗಲೂ ಬಿಗಿದುಕೊಂಡಿರುತ್ತವೆ. ಇದಕ್ಕೂ ಮೊದಲು ಇನ್ನೊಂದು ಕಡೆ ಸೇರಿದ್ದೆವು. ಅಲ್ಲಿ ದೊಡ್ಡ ಗುಂಪು. ಮುಂದಿನ ಸಾಲಿನವರು ಟೀಚರನ್ನು ನೋಡಿ ಮಾಡುತ್ತಿದ್ದರು, ಹಿಂದಿನ ಸಾಲಿನವರು ಮುಂದಿನವರನ್ನು ನೋಡಿ ಮಾಡುತ್ತಿದ್ದರು. ವಾರ ವಾರವೂ ಹೊಸ ಚಲನೆ. ಹತ್ತಿರ ಬಂದು ತಿದ್ದುವವರೇ ಇರಲಿಲ್ಲ. ಅಮ್ಮನ ಮಂಡಿ ನೋವು ಇಳಿಯುವುದಿರಲಿ, ಏರಿತು. "ಇದೆಲ್ಲ ನನ್ನಂಥವರಿಗಲ್ಲ ಕಣೇ" ಅಂತ ಬಿಟ್ಟೇಬಿಟ್ಟರು. ಈ ಹೊಸ ಕ್ಲಾಸಿಗೆ ಅವರನ್ನು ಒಪ್ಪಿಸಿ ಕರೆತರುವಷ್ಟರಲ್ಲಿ ಸಾಕುಸಾಕಾಯಿತು.

ಇಲ್ಲಿ ಕಲಿಸುವುದು 24 ಚಲನೆಗಳ ಸರಳ ಸರಣಿ. 1956ರಲ್ಲಿ ಚೀನಾದ ಸರ್ಕಾರಿ ಕ್ರೀಡಾ ಆಯೋಗ, ತೈ ಚಿಯ ಶೈಲಿಗಳಲ್ಲಿ ಒಂದಾದ ಯಾಂಗ್ ಶೈಲಿಯ ಉದ್ದನೆಯ ಸರಣಿಯನ್ನು ಆಧಾರವಾಗಿ ಇಟ್ಟುಕೊಂಡು, ಜನಸಾಮಾನ್ಯರೂ ಕಲಿಯಲಿ ಅಂತ ಸಿದ್ಧಪಡಿಸಿದ್ದು. ಮೊದಲಿಂದ ಕೊನೆತನಕ ಮಾಡಿದರೆ ಐದಾರು ನಿಮಿಷ. ಮೊದಲ ತಪ್ಪು ಹುಟ್ಟುವುದೇ ಈ ಐದಾರು ನಿಮಿಷದಿಂದ. ಇಷ್ಟೇ ತಾನೇ, ಬೇಗ ಮುಗಿಸಿ ಮುಂದಿನದಕ್ಕೆ ಹೋಗೋಣ ಅಂತ ಎಲ್ಲರಿಗೂ ಅನಿಸುತ್ತದೆ. ಕತ್ತಿ ಹಿಡಿದು ಮಾಡುವುದು ಯಾವಾಗ, ಬೀಸಣಿಗೆ ಹಿಡಿದು ಮಾಡುವುದು ಯಾವಾಗ ಅಂತ ಮೊದಲ ದಿನವೇ ಕೇಳಿದವರೂ ನಮ್ಮ ಬ್ಯಾಚಿನಲ್ಲಿದ್ದರು. ಕೈ ಎಲ್ಲಿಂದ ಎಲ್ಲಿಗೆ ಹೋಗಬೇಕು ಅನ್ನುವುದು ನಿಜವಾಗಿಯೂ ಬೇಗ ನೆನಪಾಗುತ್ತದೆ. ಆದರೆ ಆ ಹೊತ್ತಿಗೆ ಕಾಲು, ಸೊಂಟ, ಬೆನ್ನು ತಮಗೆ ತೋಚಿದ್ದನ್ನು ಕಲಿತು ಕೂತಿರುತ್ತವೆ. ಅದನ್ನು ಬಿಡಿಸುವುದು ಹೊಸದಾಗಿ ಕಲಿಸುವುದಕ್ಕಿಂತ ಕಷ್ಟ.

ಈ ಟೀಚರ್ ಶುರುವಿನ ಕ್ಲಾಸುಗಳಲ್ಲಿ ಆ 24ರಲ್ಲಿ ಒಂದನ್ನೂ ತೋರಿಸಲಿಲ್ಲ. ಬರೀ ನಡೆಸಿದರು. ಕೈ ಸೊಂಟದ ಮೇಲಿಟ್ಟುಕೊಂಡು ಹಾಲಿನ ಈ ತುದಿಯಿಂದ ಆ ತುದಿಗೆ ನಿಧಾನವಾಗಿ ಹೋಗುವುದು, ತಿರುಗಿ ಬರುವುದು. ಕೆಲವರಿಗೆ ಬೇಜಾರಾಯಿತು, ಬಿಟ್ಟೂ ಹೋದರು. ನನ್ನ ಪ್ರಕಾರ ಈ ಕ್ಲಾಸಿನ ಅತ್ಯಂತ ಬೆಲೆಬಾಳುವ ಭಾಗವೇ ಅದು.

ಅದರಲ್ಲಿ ಒಂದು ಪರೀಕ್ಷೆ ಇದೆ. ನೀವು ಹೆಜ್ಜೆ ಇಡಬೇಕಾದ ಜಾಗದಲ್ಲಿ ಟೀಚರ್ ಒಂದು ಬಿಳಿ ಹಾಳೆ ಹಾಕುತ್ತಾರೆ. ಹಿಂದಿನ ಕಾಲಿನ ಮೇಲೆ ಪೂರ್ತಿ ಭಾರ ಹಾಕಿ, ಮಂಡಿ ಸ್ವಲ್ಪ ಮಡಚಿ ನಿಲ್ಲಬೇಕು. ಮುಂದಿನ ಕಾಲಿನ ಹಿಮ್ಮಡಿಯನ್ನು ಮೆಲ್ಲಗೆ ಹಾಳೆಗೆ ತಾಗಿಸಬೇಕು. ತಾಗಿಸಿದ ತಕ್ಷಣ ಅವರು ಬಗ್ಗಿ ಹಾಳೆಯನ್ನು ಎಳೆಯುತ್ತಾರೆ. ಸಲೀಸಾಗಿ ಈಚೆ ಬಂದರೆ ಸರಿ. ಹಿಮ್ಮಡಿಯ ಕೆಳಗೆ ಸಿಕ್ಕಿಹಾಕಿಕೊಂಡರೆ, ನೀವು ಹೆಜ್ಜೆ ಇಟ್ಟಿಲ್ಲ, ಕಾಲಿನ ಮೇಲೆ ಬಿದ್ದಿದ್ದೀರಿ ಅಂತ ಅರ್ಥ. ಅಮ್ಮನ ಸರದಿ ಬಂದಾಗ ಹಾಳೆಯ ಮೂಲೆ ಹರಿಯಿತು. "ಅಮ್ಮಾ, ಅವಸರ ಬೇಡ. ಕಾಲು ಮೊದಲು ಹೋಗಲಿ, ನೀವು ಆಮೇಲೆ ಹೋಗಿ" ಅಂದರು ಟೀಚರ್. ಮತ್ತೆ ಮಾಡಿಸಿದರು. ಹಾಳೆ ಚೂರೂ ಸುಕ್ಕಾಗದೆ ಬರುವ ತನಕ ಬಿಡಲಿಲ್ಲ.

ನಾವು ದಿನಾ ನಡೆಯುವಾಗ ಮೈಯನ್ನು ಮುಂದಕ್ಕೆ ಬೀಳಿಸಿ, ಕಾಲಿನಿಂದ ತಡೆದುಕೊಳ್ಳುತ್ತಾ ಹೋಗುತ್ತೇವೆ. ತೈ ಚಿಯಲ್ಲಿ ಹಾಗಿಲ್ಲ. ಪಾದ ಖಾಲಿಯಾಗಿ ಹೋಗಿ ನೆಲ ಮುಟ್ಟಬೇಕು, ಆಮೇಲೆ ಭಾರ ನಿಧಾನವಾಗಿ ಅದರ ಮೇಲೆ ದಾಟಬೇಕು. ಕೆಳಗೆ ನೆಲ ಜಾರುತ್ತಿದ್ದರೆ ಕಾಲು ವಾಪಸ್ ತೆಗೆದುಕೊಳ್ಳೋಕೆ ಆಗಬೇಕು. ಯಾಂಗ್ ಶೈಲಿಯ ದೊಡ್ಡ ಗುರು ಯಾಂಗ್ ಚೆಂಗ್‌ಫು (1883–1936) ಹೇಳಿದ ಹತ್ತು ಮುಖ್ಯ ಅಂಶಗಳಲ್ಲಿ ಇದೂ ಒಂದು: ಯಾವ ಕಾಲು ತುಂಬಿದೆ, ಯಾವುದು ಖಾಲಿ ಇದೆ ಅನ್ನುವುದು ಸ್ಪಷ್ಟವಾಗಿರಬೇಕು. ಎರಡೂ ಕಾಲಿಗೆ ಅರ್ಧರ್ಧ ಭಾರ ಹಂಚಿ, ಅಲ್ಲೇ ಸಿಕ್ಕಿಕೊಳ್ಳುವುದು ಹೊಸಬರ ಸಾಮಾನ್ಯ ತಪ್ಪು. ಆಗ ಯಾವ ಕಾಲನ್ನು ಎತ್ತಬೇಕಾದರೂ ಮೈ ತೂರಾಡುತ್ತದೆ. ಬೀಳುವ ಭಯ ಇರುವವರಿಗೆ ಈ ಒಂದು ಪಾಠಕ್ಕಾಗಿಯಾದರೂ ಈ ಕ್ಲಾಸು ಬೇಕು.

ಎರಡನೆಯದು ಹೆಜ್ಜೆಯ ಅಗಲ. ಹಾಲಿನ ನೆಲಕ್ಕೆ ಭುಜದಷ್ಟು ಅಂತರದಲ್ಲಿ ಎರಡು ಉದ್ದ ಟೇಪ್ ಅಂಟಿಸಿದ್ದಾರೆ. ರೈಲು ಹಳಿಯ ಹಾಗೆ ಬಲಗಾಲಿಗೆ ಒಂದು, ಎಡಗಾಲಿಗೆ ಒಂದು. ಮುಂದೆ ಹೆಜ್ಜೆ ಇಟ್ಟಾಗ ಹೊಸಬರ ಪಾದ ಬಹುತೇಕ ಇನ್ನೊಂದರ ನೇರಕ್ಕೆ ಬಂದು ನಿಲ್ಲುತ್ತದೆ. ಒಂದೇ ಗೆರೆಯ ಮೇಲೆ ಎರಡೂ ಹಿಮ್ಮಡಿ. ನೋಡೋಕೆ ಸೊಗಸಾಗಿ ಕಾಣಬಹುದು, ಪಕ್ಕದಿಂದ ಯಾರಾದರೂ ಬೆರಳಲ್ಲಿ ತಳ್ಳಿದರೂ ಹೋಯಿತು. ಹಿಂದಕ್ಕೆ ಹೋಗುವ ಚಲನೆಯಲ್ಲಿ, ಅಂದರೆ ಮಂಗನನ್ನು ಹಿಮ್ಮೆಟ್ಟಿಸುವುದು ಅಂತಾರಲ್ಲ ಅದರಲ್ಲಿ, ಈ ತಪ್ಪು ಇನ್ನೂ ಜಾಸ್ತಿ. ಹಿಂದೆ ಕಣ್ಣಿಲ್ಲವಲ್ಲ, ಕಾಲು ತಾನಾಗಿ ನಡುವಿಗೆ ಎಳೆಯುತ್ತದೆ. ಟೇಪ್ ಇರುವುದರಿಂದ ಯಾರೂ ಹೇಳುವ ಮೊದಲೇ ನಮಗೇ ಕಾಣುತ್ತದೆ. ಖರ್ಚಿಲ್ಲದ ಉಪಾಯ. ಮನೆಯಲ್ಲೂ ಹಾಕಿಕೊಂಡಿದ್ದೇವೆ.

ಇನ್ನು ಮಂಡಿ. ಇದರ ಬಗ್ಗೆ ಉದ್ದಕ್ಕೇ ಬರೆಯುತ್ತೇನೆ. ಯಾಕೆಂದರೆ ತೈ ಚಿಯಿಂದ ಮಂಡಿ ಹಾಳಾಯಿತು ಅಂತ ಹೇಳುವವರು ಎಷ್ಟೋ ಜನ, ಅದರಿಂದಲೇ ವಾಸಿಯಾಯಿತು ಅನ್ನುವವರೂ ಅಷ್ಟೇ ಜನ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಹೇಗೆ ಮಾಡಿದರು ಅನ್ನುವುದರ ಮೇಲಿದೆ.

ಮಂಡಿ ಮುಖ್ಯವಾಗಿ ಮಡಚುವ, ಚಾಚುವ ಕೀಲು. ಸುತ್ತ ತಿರುಗುವ ಕೆಲಸ ಅದರದ್ದಲ್ಲ, ತೊಡೆ ಸೊಂಟಕ್ಕೆ ಸೇರುವ ಕೀಲಿನದ್ದು. ಆ ಕೀಲು ಬಿಗಿಯಾಗಿದ್ದರೆ, ಅದು ಮಾಡಬೇಕಾದ ತಿರುವನ್ನು ಮಂಡಿ ಮಾಡೋಕೆ ಹೋಗುತ್ತದೆ. ನೋವು ಬರುವುದು ಆಗ. ಟೀಚರ್ ಮೂರು ಜಾಗದಲ್ಲಿ ಇದನ್ನು ಹಿಡಿಯುತ್ತಾರೆ. ಒಂದು, ಮುಂದಿನ ಕಾಲಿನ ಮೇಲೆ ಭಾರ ಹಾಕಿ ಬಿಲ್ಲು ನಿಲುವಿನಲ್ಲಿ (ಮುಂದಿನ ಮಂಡಿ ಮಡಚಿ, ಹಿಂದಿನ ಕಾಲು ಚಾಚಿ) ನಿಂತಾಗ ಮಂಡಿ ಕಾಲ್ಬೆರಳ ಆಚೆಗೆ ನುಗ್ಗುವುದು. ಇನ್ನೊಂದು, ಅದೇ ನಿಲುವಿನಲ್ಲಿ ಮಂಡಿ ಒಳಕ್ಕೆ ವಾಲುವುದು. ಇದು ಮೊದಲನೆಯದಕ್ಕಿಂತ ಕೆಟ್ಟದ್ದು, ಮಾಡುವವರಿಗೆ ಗೊತ್ತೂ ಆಗುವುದಿಲ್ಲ. ಪಾದ ಎತ್ತ ನೋಡುತ್ತಿದೆಯೋ ಮಂಡಿಯೂ ಅತ್ತಲೇ ನೋಡಬೇಕು. ಮೇಲಿಂದ ನೋಡಿದಾಗ ಹೆಬ್ಬೆರಳು ಕಾಣಿಸುತ್ತಿರಬೇಕು ಅಂತ ನಮಗೆ ಸುಲಭದ ಗುರುತು ಹೇಳಿಕೊಟ್ಟಿದ್ದಾರೆ. ಹೆಬ್ಬೆರಳು ಮಂಡಿಯ ಹಿಂದೆ ಮರೆಯಾದರೆ ಎಲ್ಲೋ ತಪ್ಪಿದೆ.

ಮೂರನೆಯದು ಭಾರ ಹಾಕಿದ ಪಾದವನ್ನು ಹಾಗೇ ತಿರುಗಿಸುವುದು. ಮೇಲಿನ ಮೈ ತಿರುಗಿರುತ್ತದೆ, ಅಂಗಾಲು ನೆಲಕ್ಕೆ ಕಚ್ಚಿಕೊಂಡಿರುತ್ತದೆ, ನಡುವೆ ಸಿಕ್ಕಿದ ಮಂಡಿ ತಿರುಚಿಕೊಳ್ಳುತ್ತದೆ. ಕಾಡುಕುದುರೆಯ ಜೂಲು ಬೇರ್ಪಡಿಸುವ ಚಲನೆಯಲ್ಲಿ ಒಂದು ಹೆಜ್ಜೆಯಿಂದ ಇನ್ನೊಂದಕ್ಕೆ ಹೋಗುವಾಗ ಇದು ತಪ್ಪದೆ ನಡೆಯುತ್ತದೆ. ಮೊದಲು ಹಿಂದಕ್ಕೆ ಕೂತು ಮುಂದಿನ ಪಾದವನ್ನು ಹಗುರ ಮಾಡಿ, ಹಿಮ್ಮಡಿ ಮೇಲೆ ಪಾದವನ್ನು ಹೊರಕ್ಕೆ ತಿರುಗಿಸಿ, ಆಮೇಲೆ ಭಾರ ದಾಟಿಸಬೇಕು. ಅಮ್ಮನಿಗೆ ಹಿಂದಿನ ಕ್ಲಾಸಿನಲ್ಲಿ ನೋವು ಬಂದಿದ್ದು ಇದರಿಂದಲೇ ಇರಬೇಕು ಅಂತ ಟೀಚರ್ ಅವರ ನಡಿಗೆ ನೋಡಿದ ಮೇಲೆ ಹೇಳಿದರು. ಹೇಳಿಕೊಟ್ಟವರೇ ಇಲ್ಲದಿದ್ದರೆ ಕಲಿಯುವವರಿಗೆ ಹೇಗೆ ಗೊತ್ತಾಗಬೇಕು ಅಲ್ವಾ? ಈಗ ಅಮ್ಮ ಆ ತಿರುವಿನ ಹತ್ತಿರ ಬಂದಾಗಲೆಲ್ಲ ಒಮ್ಮೆ ಹಿಂದಕ್ಕೆ ಕೂರುತ್ತಾರೆ. ಕ್ಲಾಸು ಮುಗಿದ ರಾತ್ರಿ ಮಂಡಿಗೆ ಎಣ್ಣೆ ಹಚ್ಚುವುದು ನಿಂತಿದೆ.

ಇದೇ ಕಾರಣಕ್ಕೆ ಶೂ ಬಗ್ಗೆಯೂ ಇಲ್ಲಿ ಕಟ್ಟುನಿಟ್ಟು. ಓಡುವವರ ದಪ್ಪ ಸೋಲಿನ ಶೂ ಹಾಕಿಕೊಂಡು ಬಂದರೆ ಬದಲಾಯಿಸಿಕೊಳ್ಳಿ ಅಂತಾರೆ. ತೆಳ್ಳಗೆ, ಸಮತಟ್ಟಾಗಿ, ನೆಲಕ್ಕೆ ಅತಿಯಾಗಿ ಅಂಟದ ಸೋಲ್ ಇರಬೇಕು. ದಪ್ಪ ಕಾರ್ಪೆಟ್ ಮೇಲೆ ಅಭ್ಯಾಸ ಬೇಡ, ಪಾದ ತಿರುಗುವುದಿಲ್ಲ ಅನ್ನುವುದನ್ನೂ ಮೊದಲೇ ಹೇಳಿದ್ದರು.

ಎಷ್ಟು ಕೆಳಗೆ ಕೂರಬೇಕು ಅನ್ನುವುದರಲ್ಲೂ ಜನ ಎಡವುತ್ತಾರೆ. ನಮ್ಮ ಜೊತೆ ಜಿಮ್‌ಗೆ ಹೋಗುವ ಒಬ್ಬ ಹುಡುಗ ಇದ್ದಾನೆ. ತೊಡೆ ನೆಲಕ್ಕೆ ಸಮಾನಾಂತರ ಬರುವಷ್ಟು ಇಳಿಯುತ್ತಿದ್ದ. ಟೀಚರ್ ಅವನನ್ನು ಮೇಲಕ್ಕೆ ಎಬ್ಬಿಸಿದರು. ಕೆಳಗಿದ್ದಾಗ ಅವನ ಬೆನ್ನು ಮುಂದಕ್ಕೆ ಬಾಗುತ್ತಿತ್ತು, ಹಿಂಭಾಗ ಹಿಂದಕ್ಕೆ ಚಾಚಿಕೊಳ್ಳುತ್ತಿತ್ತು, ಒಂದು ಹೆಜ್ಜೆಯಿಂದ ಇನ್ನೊಂದಕ್ಕೆ ಹೋಗಬೇಕಾದರೆ ಪ್ರತಿ ಸಲ ಮೇಲೆದ್ದು ಮತ್ತೆ ಇಳಿಯಬೇಕಾಗುತ್ತಿತ್ತು. ಸ್ವಲ್ಪ ಎತ್ತರದಲ್ಲೇ ನಿಂತು ಕೊನೆತನಕ ತಲೆಯ ಮಟ್ಟ ಒಂದೇ ಇರುವ ಹಾಗೆ ಮಾಡು ಅಂದರು. ಅವನಿಗೆ ಅದೇ ಕಷ್ಟವಾಯಿತು, ತೊಡೆ ನಡುಗಿತು. ವಯಸ್ಸಾದವರಿಗೂ ವ್ಯಾಯಾಮ ಮಾಡಿದ ಮೈಗೂ ಒಂದೇ ಚಲನೆ ಹೇಗೆ ಹೊಂದುತ್ತದೆ ಅನ್ನುವುದು ನನಗೆ ಅಲ್ಲಿ ಅರ್ಥವಾಯಿತು.

ಕೈಯ ವಿಷಯಕ್ಕೆ ಅವರು ಬಂದಿದ್ದು ಇಷ್ಟೆಲ್ಲ ಆದ ಮೇಲೆ. ಮೋಡದ ಕೈ ಅನ್ನುವ ಚಲನೆ ನೋಡಿರುತ್ತೀರಿ. ಎರಡೂ ಕೈ ಮುಖದ ಮುಂದೆ ಒಂದಾದ ಮೇಲೊಂದು ತೇಲಿ ಹೋಗುತ್ತವೆ. ಎಲ್ಲರೂ ಕೈ ಬೀಸುತ್ತಾರೆ, ಸೊಂಟ ಕಲ್ಲಿನಂತೆ ಇದ್ದಲ್ಲೇ ಇರುತ್ತದೆ. ಇಲ್ಲಿ ಅದನ್ನು ಮೊದಲು ಕೈ ಕಟ್ಟಿಕೊಂಡು ಮಾಡಿಸಿದರು. ಬರೀ ಕಾಲು ಮತ್ತು ಸೊಂಟ. ಭಾರ ಎಡಕ್ಕೆ, ಸೊಂಟ ಎಡಕ್ಕೆ. ಭಾರ ಬಲಕ್ಕೆ, ಸೊಂಟ ಬಲಕ್ಕೆ. ತುಂಬ ಹೊತ್ತಾದ ಮೇಲೆ "ಈಗ ಕೈ ಬಿಡಿ" ಅಂದರು. ಕೈ ತಾನಾಗಿ ಸೊಂಟದ ಹಿಂದೆ ಹೊರಟಿತು. ನನ್ನ ಬೆನ್ನಿನ ಮಧ್ಯದಲ್ಲಿ, ಎರಡು ಹೆಗಲ ಮೂಳೆಗಳ ನಡುವೆ, ವರ್ಷಗಟ್ಟಲೆ ಗಂಟು ಹಾಕಿಕೊಂಡಿದ್ದ ಜಾಗ ಸಡಿಲವಾಗಿದ್ದು ಅವತ್ತು ಗೊತ್ತಾಯಿತು. ಖುಷಿಯಾಯಿತು.

ಭುಜ ಕಿವಿಯ ಹತ್ತಿರ ಏರುವುದು, ಮೊಣಕೈ ಹೊರಕ್ಕೆ ಎದ್ದು ನಿಲ್ಲುವುದು ಕಂಪ್ಯೂಟರ್ ಕೆಲಸದವರಲ್ಲಿ ಸಾಮಾನ್ಯ. ಭುಜ ಇಳಿಯಬೇಕು, ಮೊಣಕೈ ಕೆಳಕ್ಕೆ ತೂಗಬೇಕು. ಇದೂ ಯಾಂಗ್ ಚೆಂಗ್‌ಫು ಹೇಳಿದ ಹತ್ತರಲ್ಲಿ ಇದೆ. ಆದರೆ ಸಡಿಲ ಅಂದರೆ ಜೋತುಬೀಳುವುದಲ್ಲ. ಮಣಿಕಟ್ಟು ಬಾಡಿ, ಕಂಕುಳು ಮುಚ್ಚಿಕೊಂಡರೆ ಅದೂ ತಪ್ಪೇ. ಕಂಕುಳಲ್ಲಿ ಒಂದು ಮುಷ್ಟಿಯಷ್ಟು ಜಾಗ ಇರಲಿ ಅಂತ ಟೀಚರ್ ತಮ್ಮ ಮುಷ್ಟಿಯನ್ನೇ ಇಟ್ಟು ತೋರಿಸುತ್ತಾರೆ. ಬಿಗಿಯೂ ಅಲ್ಲ, ಜೋಲೂ ಅಲ್ಲ ಅನ್ನುವ ಆ ನಡುವಿನ ಹದವನ್ನು ಬಾಯಲ್ಲಿ ಎಷ್ಟು ಹೇಳಿದರೂ ತಿಳಿಯುವುದಿಲ್ಲ. ಅವರು ನಿಮ್ಮ ಮುಂಗೈ ಮೇಲೆ ಎರಡು ಬೆರಳಿಟ್ಟು ಹಗುರಾಗಿ ಒತ್ತಿದಾಗ ತಿಳಿಯುತ್ತದೆ.

ಉಸಿರಿನ ಬಗ್ಗೆ ಅವರು ಕಡಿಮೆ ಮಾತಾಡುತ್ತಾರೆ. ಅದು ನನಗೆ ಇಷ್ಟವಾಯಿತು. ಕೈ ಏರಿದಾಗ ಎಳೆದುಕೊಳ್ಳಿ, ಇಳಿದಾಗ ಬಿಡಿ ಅಂತ ಮೊದಲ ದಿನದಿಂದ ಲೆಕ್ಕ ಹಾಕೋಕೆ ಹೋದವರು ಉಸಿರು ಕಟ್ಟಿ ತಲೆ ಸುತ್ತಿಸಿಕೊಳ್ಳುತ್ತಾರೆ. ಸಹಜವಾಗಿ ಉಸಿರಾಡಿ, ಹಿಡಿದಿಡಬೇಡಿ. ಅಷ್ಟೇ. ನೆಲ ನೋಡಬೇಡಿ ಅನ್ನುವುದನ್ನು ಮಾತ್ರ ಪ್ರತಿ ಕ್ಲಾಸಿನಲ್ಲೂ ಹೇಳಬೇಕಾಗುತ್ತದೆ. ಅಮ್ಮನಂಥವರು ಬೀಳುವ ಭಯಕ್ಕೆ ಕೆಳಗೇ ನೋಡುತ್ತಾರೆ, ತಲೆಯ ಭಾರ ಮುಂದಕ್ಕೆ ಹೋಗಿ ಬೀಳುವ ಸಾಧ್ಯತೆ ಇನ್ನೂ ಹೆಚ್ಚುತ್ತದೆ.

ಅಮ್ಮನನ್ನು ಒಪ್ಪಿಸುವಾಗ ನಾನು ಅವರಿಗೆ ಎರಡು ಅಧ್ಯಯನಗಳನ್ನು ಓದಿ ಹೇಳಿದ್ದೆ. ಅದನ್ನೂ ಇಲ್ಲಿ ಹಾಕುತ್ತೇನೆ, ಅನುಮಾನ ಇರುವವರಿಗೆ ಬೇಕಾಗಬಹುದು. 2012ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದ ಅಧ್ಯಯನದಲ್ಲಿ ಪಾರ್ಕಿನ್ಸನ್ ಕಾಯಿಲೆ ಇರುವ 195 ಜನರನ್ನು ಮೂರು ಗುಂಪು ಮಾಡಿ 24 ವಾರ ತರಬೇತಿ ಕೊಟ್ಟಿದ್ದರು. ಒಂದು ಗುಂಪಿಗೆ ತೈ ಚಿ, ಒಂದಕ್ಕೆ ಸ್ನಾಯು ಬಲಪಡಿಸುವ ವ್ಯಾಯಾಮ, ಒಂದಕ್ಕೆ ಸ್ಟ್ರೆಚಿಂಗ್. ಸಮತೋಲನದಲ್ಲಿ ಹೆಚ್ಚು ಸುಧಾರಿಸಿದ್ದು ತೈ ಚಿ ಗುಂಪು. 2016ರಲ್ಲಿ ಅನಲ್ಸ್ ಆಫ್ ಇಂಟರ್ನಲ್ ಮೆಡಿಸಿನ್‌ನಲ್ಲಿ ಬಂದ ಇನ್ನೊಂದರಲ್ಲಿ ಮಂಡಿ ಸವೆತ ಇರುವ 204 ಜನರಿದ್ದರು. 12 ವಾರಗಳ ತೈ ಚಿ, ಫಿಸಿಯೋಥೆರಪಿಯಷ್ಟೇ ಪರಿಣಾಮ ಕೊಟ್ಟಿತ್ತು. ಆದರೆ ಅವರೆಲ್ಲ ಕಲಿತಿದ್ದು ತರಬೇತಿ ಪಡೆದವರ ಕೈಕೆಳಗೆ ಅನ್ನುವುದನ್ನು ಮರೆಯಬಾರದು. ಮಂಡಿ ತಿರುಚಿಕೊಂಡು ಮಾಡಿದ ತೈ ಚಿಗೆ ಆ ಫಲಿತಾಂಶ ಅನ್ವಯಿಸುವುದಿಲ್ಲ.

ಈಗ ಕೊರತೆಗಳು. ಮೊದಲನೆಯದು ಅವರು ಕೊಡುವ ವಿಡಿಯೋ. ಮನೆಯಲ್ಲಿ ಅಭ್ಯಾಸ ಮಾಡೋಕೆ ಅಂತ ಎಲ್ಲರಿಗೂ ಕಳಿಸುತ್ತಾರೆ. ಎದುರಿನಿಂದ ತೆಗೆದದ್ದು. ಅವರ ಬಲ ನಮಗೆ ಎಡವಾಗಿ ಕಾಣುತ್ತದೆ, ನೋಡಿ ಮಾಡೋಕೆ ಹೋದರೆ ಎಲ್ಲ ಅದಲುಬದಲು. ಅದಕ್ಕಿಂತ ಬೇಸರ ತರಿಸುವುದು, ಅರ್ಧ ವಿಡಿಯೋದಲ್ಲಿ ಪಾದವೇ ಕಾಣುವುದಿಲ್ಲ. ಕ್ಲಾಸಿನಲ್ಲಿ ಕಾಲಿಗೆ ಇಷ್ಟು ಗಮನ ಕೊಡುವವರು ವಿಡಿಯೋದಲ್ಲಿ ಯಾಕೆ ಬಿಟ್ಟರೋ. ಬೆನ್ನ ಹಿಂದಿನಿಂದ, ತಲೆಯಿಂದ ಪಾದದವರೆಗೆ ಪೂರ್ತಿ ಕಾಣುವ ಹಾಗೆ ಮತ್ತೊಮ್ಮೆ ತೆಗೆಯಬೇಕು. ಇದನ್ನು ಟೀಚರಿಗೂ ಹೇಳಿದ್ದೇನೆ.

ಎರಡನೆಯದು, ಟೀಚರ್ ಬರದ ದಿನ ಸಹಾಯಕರು ನಡೆಸುವ ಕ್ಲಾಸು. ಅವರ ಚಲನೆ ಚೆನ್ನಾಗಿದೆ, ಆದರೆ ಮುಂದೆ ನಿಂತು ಮಾಡಿ ತೋರಿಸುತ್ತಾ ಹೋಗುತ್ತಾರೆ, ತಿರುಗಿ ನಮ್ಮನ್ನು ನೋಡುವುದು ಕಡಿಮೆ. ಅಂಥ ದಿನ ಹಳೆಯ ತಪ್ಪುಗಳೆಲ್ಲ ವಾಪಸ್ ಬರುತ್ತವೆ.

ಮೂರನೆಯದು ನನ್ನ ಸ್ವಂತ ಆಸೆ. ತೈ ಚಿ ಹುಟ್ಟಿದ್ದು ಯುದ್ಧಕಲೆಯಾಗಿ. ಚೀನಾದ ಹೆನಾನ್ ಪ್ರಾಂತ್ಯದ ಚೆನ್‌ಜಿಯಾಗೌ ಎಂಬ ಹಳ್ಳಿಯ ಚೆನ್ ಮನೆತನದಲ್ಲಿ ಬೆಳೆದದ್ದು. ಅಲ್ಲಿ ಕಲಿತ ಯಾಂಗ್ ಲುಚಾನ್ 19ನೇ ಶತಮಾನದಲ್ಲಿ ಅದನ್ನು ಬೀಜಿಂಗ್‌ಗೆ ತಂದರು. 2020ರಲ್ಲಿ ಯುನೆಸ್ಕೊ ಇದನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಒಂದೊಂದು ಚಲನೆಗೂ ಒಂದು ಕೆಲಸವಿದೆ. ಮಂಡಿ ಸವರುವ ಚಲನೆಯಲ್ಲಿ ಕೆಳಗಿನ ಕೈ ಎದುರಾಳಿಯ ಒದೆತವನ್ನು ಬದಿಗೆ ಸರಿಸುತ್ತದೆ, ಮೇಲಿನ ಕೈ ತಳ್ಳುತ್ತದೆ. ಟೀಚರ್ ಒಮ್ಮೆ ಇದನ್ನು ಹೇಳಿದ ದಿನ ಇಡೀ ಕ್ಲಾಸಿನ ಕೈಗೆ ಜೀವ ಬಂತು. ಬಾಡಿದ ಮಣಿಕಟ್ಟು ಒಂದೂ ಕಾಣಲಿಲ್ಲ. ಹೀಗಿರುವಾಗ ಉಳಿದ ಚಲನೆಗಳಿಗೂ ಹೇಳಬಹುದಲ್ಲ? ಇಬ್ಬರು ಎದುರುಬದುರು ನಿಂತು ಮಾಡುವ ತಳ್ಳುವ ಕೈಯ ಅಭ್ಯಾಸವೂ ಇಲ್ಲಿ ಇಲ್ಲವೇ ಇಲ್ಲ. ಸ್ವಲ್ಪವಾದರೂ ಸೇರಿಸಿದರೆ ತಮ್ಮ ಸಮತೋಲನ ಎಲ್ಲಿ ತಪ್ಪುತ್ತದೆ ಅನ್ನುವುದು ಜನರಿಗೆ ಕೂಡಲೇ ಗೊತ್ತಾಗುತ್ತದೆ.

ಯಾರಿಗೆ ಸರಿ? ವಯಸ್ಸಾದವರಿಗೆ, ಮಂಡಿ ಬಗ್ಗೆ ಹೆದರಿಕೆ ಇರುವವರಿಗೆ, ಬೇರೆಡೆ ಕಲಿತು ನೋವು ಮಾಡಿಕೊಂಡವರಿಗೆ ಕಣ್ಣುಮುಚ್ಚಿ ಹೇಳುತ್ತೇನೆ, ಸೇರಿ. ಆದರೆ ಮಂಡಿಗೆ ಆಪರೇಷನ್ ಆಗಿದ್ದರೆ ಡಾಕ್ಟರನ್ನು ಕೇಳಿ ಬನ್ನಿ, ಟೀಚರೂ ಅದನ್ನೇ ಕೇಳುತ್ತಾರೆ. ಬೇಗ 24 ಮುಗಿಸಿ ಎಲ್ಲರ ಮುಂದೆ ಮಾಡಿ ತೋರಿಸಬೇಕು ಅನ್ನುವವರಿಗೆ ಇಲ್ಲಿ ತಾಳ್ಮೆ ಸಾಲದು. ನಮ್ಮ ಬ್ಯಾಚು ಇನ್ನೂ ಸರಣಿಯ ಅರ್ಧ ದಾಟಿಲ್ಲ. ಒಂಟಿ ಚಾಟಿ ಅನ್ನುವ ಚಲನೆಯ ಹತ್ತಿರ ಇದ್ದೇವೆ. ಹುಂಜ ಒಂಟಿ ಕಾಲಲ್ಲಿ ನಿಲ್ಲುವ ಚಲನೆ ಮುಂದೆ ಬರುವುದಿದೆ, ಅಮ್ಮ ಈಗಲೇ ಗೋಡೆ ಹಿಡಿದು ಅದರ ತಯಾರಿ ನಡೆಸಿದ್ದಾರೆ.

ಸೇರುವವರು ಶುರುವಿನ ನಡಿಗೆಯ ಕ್ಲಾಸುಗಳನ್ನು ಮಾತ್ರ ತಪ್ಪಿಸಬೇಡಿ. ಅನಿವಾರ್ಯವಾಗಿ ತಪ್ಪಿದರೆ ಮುಂದಿನ ಬ್ಯಾಚಿನ ಜೊತೆ ಅದಷ್ಟನ್ನೇ ಮಾಡೋಕೆ ಟೀಚರ್ ಬಿಡುತ್ತಾರೆ. ಅದಕ್ಕೆ ಬೇರೆ ಹಣ ಕೇಳುವುದಿಲ್ಲ.